ಹಳೆಯ ಗೊಂಬೆಗೆ ಹೊಸ ರೂಪ: ಪ್ಲಾಸ್ಟಿಕ್ ಗೊಂಬೆಯೋ, ಬಟ್ಟೆ ಗೊಂಬೆಯೋ?

ದಾವಣಗೆರೆಯ ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಹಳೆಯ ಗೊಂಬೆಗಳನ್ನು ಹೊಸದಾಗಿಸಲು ಬಯಸುವವರು, ಯಾವ ಬಗೆಯ ಗೊಂಬೆ ತಮ್ಮ ಮನೆಗೆ ಒಗ್ಗುತ್ತದೆ ಎಂಬುದನ್ನು ಮೊದಲೇ ಯೋಚಿಸುವುದು ಒಳ್ಳೆಯದು.

ಪ್ಲಾಸ್ಟಿಕ್ ಗೊಂಬೆಯಲ್ಲಿ ಕೆಲಸದ ಸೊಗಸೆಲ್ಲ ಮುಖದಲ್ಲಿದೆ. ವಿನೈಲ್ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ತಲೆಯ ಮೇಲಿನ ಹಳೆಯ ಕಣ್ಣು, ತುಟಿಗಳ ಬಣ್ಣವನ್ನು ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬಹುದು. ಆದರೆ ಅದೇ ದ್ರವ ಗಟ್ಟಿ ಪ್ಲಾಸ್ಟಿಕ್ಕಿನ ಮೈಗೆ ತಗುಲಿದರೆ ಮೇಲ್ಮೈ ಕರಗುವ ಸಾಧ್ಯತೆ ಇರುವುದರಿಂದ, ತಲೆಯನ್ನು ಬಿಚ್ಚಿಟ್ಟುಕೊಂಡು, ಕಿಟಕಿ ತೆರೆದು, ಒಲೆ ಮತ್ತು ದೀಪದಿಂದ ದೂರ ಕುಳಿತು ದೊಡ್ಡವರೇ ಈ ಕೆಲಸ ಮಾಡಬೇಕು. ಬಳಿಕ ಮುಖವನ್ನು ಸೋಪಿನಿಂದ ತೊಳೆದು ಒಣಗಿಸಿ, ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಪದರ ಪದರವಾಗಿ ಹಚ್ಚುತ್ತಾ ಹೋದರೆ, ಸಣ್ಣ ಕುಂಚದಲ್ಲಿ ಎಳೆದ ಹುಬ್ಬಿನ ಒಂದೊಂದು ಕೂದಲೂ ಎದ್ದು ಕಾಣುತ್ತದೆ. ಚಿತ್ರ ಬರೆಯುವ ಹುಚ್ಚಿರುವ ಹೈಸ್ಕೂಲ್ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಬಟ್ಟೆ ಗೊಂಬೆಗೆ ಇಷ್ಟು ಎಚ್ಚರಿಕೆ ಬೇಡ. ಬೆನ್ನಿನ ಹೊಲಿಗೆ ಬಿಚ್ಚಿ, ಒಳಗಿನದನ್ನು ತೆಗೆದು, ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿ, ಹೊಸ ಹತ್ತಿ ತುಂಬಿದರಾಯಿತು. ಹತ್ತಿ ಗಿರಣಿಗಳಿಂದ ಹೆಸರಾದ ಈ ಊರಿನಲ್ಲಿ ಹತ್ತಿ ಹುಡುಕಬೇಕಾಗಿಲ್ಲ. ಟೈಲರ್ ಅಂಗಡಿಯ ಚೂರುಬಟ್ಟೆಯಿಂದ ಲಂಗ, ಕುಪ್ಪಸಗಳೂ ಆಗುತ್ತವೆ. ಹತ್ತಿ ತುಂಬುವುದು ಪುಟ್ಟ ಮಕ್ಕಳ ಕೈಗೂ ಬರುವ ಕೆಲಸ, ಹೊಲಿಗೆ ಅಜ್ಜಿಯ ಪಾಲು. ಹೀಗಾಗಿ ಇಡೀ ಮನೆ ಸೇರಿ ಮಾಡುವುದಾದರೆ ನಾನು ಬಟ್ಟೆ ಗೊಂಬೆಯನ್ನೇ ಹೇಳುತ್ತೇನೆ. ಮೂರು ವರ್ಷದೊಳಗಿನ ಮಗುವಿದ್ದರೆ ಕಣ್ಣಿಗೆ ಗುಂಡಿ ಹೊಲಿಯದೆ ಕಸೂತಿ ಹಾಕಬೇಕು. ಇನ್ನು ಕೊಳ್ಳುವಾಗ, ಮುಟ್ಟಿದರೆ ಅಂಟಂಟಾಗಿರುವ ಹಳೆಯ ವಿನೈಲ್ ಗೊಂಬೆಯನ್ನು ಬಿಟ್ಟುಬಿಡಿ. ಅದರ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ.