ಬ್ರಾನ್‌ಸ್ಟನ್ ಕೊಳ್ಳೋದಾ, ಪಿಕಲಿಲಿ ಕೊಳ್ಳೋದಾ?

ಬ್ರಿಟನ್‌ಗೆ ಹೊಸದಾಗಿ ಹೋದವರು ಅಲ್ಲಿನ ಈ ಎರಡು ತರಕಾರಿ ಉಪ್ಪಿನಕಾಯಿಗಳಲ್ಲಿ ಯಾವುದು ಅಂತ ಕೇಳುತ್ತಾರೆ. ಅದರ ಜೊತೆಗೆ ಏನು ತಿನ್ನುತ್ತೀರಿ ಅನ್ನೋದು ಮುಖ್ಯ.

ಬ್ರಾನ್‌ಸ್ಟನ್ ಕಡು ಕಂದು ಬಣ್ಣದ್ದು. 1922ರಲ್ಲಿ ಸ್ಟಾಫರ್ಡ್‌ಶೈರ್‌ನ ಬ್ರಾನ್‌ಸ್ಟನ್ ಹಳ್ಳಿಯಲ್ಲಿ ಶುರುವಾಯಿತು. ಕ್ಯಾರೆಟ್, ಈರುಳ್ಳಿ, ಹೂಕೋಸು, ಸ್ವೀಡ್ ಅನ್ನುವ ಗಡ್ಡೆ, ಎಲ್ಲದರ ತುಂಡುಗಳೂ ವಿನೆಗರ್, ಸಕ್ಕರೆ, ಖರ್ಜೂರದ ಗಟ್ಟಿ ರಸದಲ್ಲಿರುತ್ತವೆ. ಸಿಹಿ, ಹಿಂದೆಯೇ ಹುಳಿ, ನಡುವೆ ಸ್ವೀಡ್ ಕರುಂ ಅನ್ನುತ್ತದೆ. ಚೆಡ್ಡಾರ್ ಚೀಸಿನ ಉಪ್ಪಿಗೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಗೊತ್ತಿಲ್ಲ. ಸ್ಯಾಂಡ್‌ವಿಚ್‌ಗಾದರೆ ಸಣ್ಣ ತುಂಡಿನದ್ದೇ ತಗೊಳ್ಳಿ, ದೊಡ್ಡವು ಬ್ರೆಡ್‌ನಿಂದ ಜಾರುತ್ತವೆ.

ಪಿಕಲಿಲಿ ಹಳದಿ. ಭಾರತದ ಉಪ್ಪಿನಕಾಯಿಯನ್ನು ನೋಡಿ ಇಂಗ್ಲಿಷರು ಮಾಡಿಕೊಂಡದ್ದು. ಹಾಗಾಗಿ ಸಾಸಿವೆ, ಅರಿಶಿನ ನಮಗೆ ಪರಿಚಯದವೇ, ಅಲ್ವಾ? ಘಾಟು ಜಾಸ್ತಿ. ಹ್ಯಾಮ್, ಪೋರ್ಕ್ ಪೈಗಳ ಜಿಡ್ಡನ್ನು ಚೆನ್ನಾಗಿ ಮುರಿಯುತ್ತದೆ. ಮಾಂಸ ತಿನ್ನದವರು ಬೇಯಿಸಿದ ಆಲೂಗಡ್ಡೆ ಜೊತೆ ನೋಡಬಹುದು.

ಮನೆಯಲ್ಲೇ ಮಾಡುವವರಿಗೆ ಪಿಕಲಿಲಿ ಸುಲಭ. ತರಕಾರಿಗೆ ರಾತ್ರಿ ಉಪ್ಪು ಹಚ್ಚಿಡಿ, ಬೆಳಗ್ಗೆ ತೊಳೆದು ಬಿಸಿ ಸಾಸಿವೆ ಸಾಸ್ ಬೆರೆಸಿ, ಕೆಲವು ವಾರ ಬಿಡಿ. ಬ್ರಾನ್‌ಸ್ಟನ್ ರುಚಿ ಮನೆಯಲ್ಲಿ ತರುವುದು ಕಷ್ಟ, ಅದನ್ನು ಅಂಗಡಿಯಿಂದಲೇ ತನ್ನಿ.