ಚಾಟ್‌ನಲ್ಲಿ ಬರುವ ‘ಬ್ಯಾಕಪ್ ಓಕೆ’ ನಂಬಬೇಡಿ

ಆಫೀಸಿನ ಚಾಟ್‌ಗೆ, ಬ್ಯಾಕಪ್ ಆಯಿತಾ ಅಂತ ತಾನೇ ಮೆಸೇಜ್ ಹಾಕುವ ಬಾಟ್ ಜೋಡಿಸಿಕೊಂಡಿದ್ದೀರಾ? ಹಾಗಾದರೆ ಈಗಲೇ ಹೋಗಿ ಬ್ಯಾಕಪ್ ಫೈಲಿನ ಸೈಜ್ ನೋಡಿ. ನಮ್ಮದು 20 ಬೈಟ್ ಇತ್ತು.

ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುವುದು ಹೊರಗಿನ ಒಂದು ಏಜೆನ್ಸಿ. ಹೆಸರು ಬೇಡ ಬಿಡಿ. ರಾತ್ರಿ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡುವ ಪ್ರೋಗ್ರಾಂ) ಓಡುತ್ತದೆ, ಡೇಟಾಬೇಸಿನ ಕಾಪಿ ತೆಗೆಯುವ ಪಿಜಿ ಡಂಪ್ ಕೊಟ್ಟದ್ದು ಪೈಪ್ (ಒಂದು ಕಮಾಂಡ್ ಕೊಟ್ಟದ್ದನ್ನು ನೇರ ಇನ್ನೊಂದಕ್ಕೆ ದಾಟಿಸುವುದು) ಮೂಲಕ ಫೈಲ್ ಕುಗ್ಗಿಸುವ ಜಿ-ಜಿಪ್‌ಗೆ ಹೋಗುತ್ತದೆ, ಬೆಳಿಗ್ಗೆ ಚಾನೆಲ್‌ನಲ್ಲಿ ಹಸಿರು ಟಿಕ್ ಜೊತೆ ‘ಬ್ಯಾಕಪ್ ಓಕೆ’. ಯಾರೋ ಒಬ್ಬರು ಥಂಬ್ಸ್ ಅಪ್ ಒತ್ತುತ್ತಾರೆ. ಅಲ್ಲಿಗೆ ಮುಗೀತು.

ಏಜೆನ್ಸಿಯವರು ಪೋಸ್ಟ್‌ಗ್ರೆಸ್ ಸರ್ವರನ್ನು ವರ್ಷನ್ 13ರಿಂದ 16ಕ್ಕೆ ಅಪ್‌ಗ್ರೇಡ್ ಮಾಡಿದರು. ಮಾಡಬೇಕಾದದ್ದೇ, 13ರ ಸಪೋರ್ಟ್ 2025ರ ನವೆಂಬರ್‌ಗೆ ಮುಗಿದಿದೆ. ಆದರೆ ಬ್ಯಾಕಪ್ ತೆಗೆಯುವ ಮೆಷಿನ್‌ನಲ್ಲಿ ಹಳೇ ಪಿಜಿ ಡಂಪ್ ಹಾಗೇ ಉಳಿಯಿತು. ಸರ್ವರಿನ ಮೇಜರ್ ವರ್ಷನ್ ತನಗಿಂತ ಹೊಸದಾಗಿದ್ದರೆ ಅದು ‘ವರ್ಷನ್ ಮಿಸ್‌ಮ್ಯಾಚ್’ ಅಂತ ಎರರ್ ಕೊಟ್ಟು ನಿಂತುಬಿಡುತ್ತದೆ. ತಮಾಷೆ ಇರುವುದು ಇಲ್ಲಿ. ಪೈಪ್ ಹಾಕಿದಾಗ, ಕಮಾಂಡ್‌ಗಳನ್ನು ಓಡಿಸುವ ಶೆಲ್ ನೋಡುವುದು ಕೊನೆಯ ಕಮಾಂಡ್ ಪಾಸಾಯಿತಾ ಅಂತ ಮಾತ್ರ. ಪಿಜಿ ಡಂಪ್ ಫೇಲ್ ಆಗಿತ್ತು. ಒಳಗೆ ಏನೂ ಬರದಿದ್ದರೂ ಜಿ-ಜಿಪ್ ಶಿಸ್ತಾಗಿ 20 ಬೈಟ್‌ನ ಖಾಲಿ ಫೈಲ್ ಬರೆದು ಸಕ್ಸಸ್ ಅಂದಿತು. ಬಾಟ್ ಟಿಕ್ ಹಾಕಿತು. ನಾವು ಥಂಬ್ಸ್ ಅಪ್!

ಗೊತ್ತಾಗಿದ್ದು ಯಾವಾಗ ಅಂದರೆ, ವೇರ್ (ಯಾವ ಸಾಲುಗಳನ್ನು ಬದಲಿಸಬೇಕು ಅನ್ನುವ ಷರತ್ತು) ಇಲ್ಲದ ಒಂದು ಅಪ್‌ಡೇಟ್ ಕಮಾಂಡ್ ಓಡಿ ಎಲ್ಲ ಗ್ರಾಹಕರ ದರವೂ ಒಂದೇ ಆದಾಗ. ಫೋಲ್ಡರ್ ತೆರೆದರೆ ಸಾಲಾಗಿ 20, 20, 20. ಏಜೆನ್ಸಿಗೆ ಫೋನ್ ಮಾಡಿದರೆ, “ಸರ್, ಚಾನೆಲ್‌ನಲ್ಲಿ ಓಕೆ ಬಂದಿದೆಯಲ್ಲ?” ಕೊನೆಗೆ ಅಕೌಂಟ್ಸ್‌ನವರ ಜೊತೆ ಕೂತು, ಮೇಲ್‌ನಲ್ಲಿದ್ದ ಹಳೇ ಇನ್‌ವಾಯ್ಸ್‌ಗಳನ್ನು ಹೆಕ್ಕಿ, ಒಂದೊಂದೇ ದರ ಟೈಪ್ ಮಾಡಿದೆವು. ಬಾಯಿಮಾತಿನಲ್ಲಿ ಒಪ್ಪಿ ಇನ್ನೂ ಬಿಲ್ ಮಾಡದ ರಿಯಾಯಿತಿಗಳು ಹೋದವು.

ಇದೇನು ಹೊಸ ಕಾಯಿಲೆ ಅಲ್ಲ. 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳು ಕೋಡ್ ಇಡುವ ಸೈಟ್ ಗಿಟ್‌ಲ್ಯಾಬ್‌ನಲ್ಲಿ ಪ್ರೊಡಕ್ಷನ್ ಡೇಟಾ ತಪ್ಪಿ ಡಿಲೀಟ್ ಆಯಿತು. ಬ್ಯಾಕಪ್ ಹುಡುಕಿದರೆ ಸರ್ವರ್ 9.6, ಪಿಜಿ ಡಂಪ್ 9.2! ಬ್ಯಾಕಪ್ ಫೇಲ್ ಆಯಿತು ಅನ್ನುವ ಮೇಲ್‌ಗಳು ಹೋಗುತ್ತಲೇ ಇದ್ದವು, ಆದರೆ ಡಿಮಾರ್ಕ್ (ಮೇಲ್ ಅಸಲಿಯೇ ಅಂತ ನೋಡುವ ವ್ಯವಸ್ಥೆ) ಸರಿ ಇಲ್ಲದೆ ರಿಜೆಕ್ಟ್ ಆಗಿದ್ದವು. ಅದೃಷ್ಟಕ್ಕೆ ಸುಮಾರು 6 ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ಕಾಪಿ) ಸಿಕ್ಕಿತು. ನಡೆದದ್ದನ್ನೆಲ್ಲ ಅವರೇ ಬಿಚ್ಚಿ ಬರೆದರು, ಅದು ದೊಡ್ಡ ಗುಣ.

ನಿಮ್ಮ ಸ್ಕ್ರಿಪ್ಟ್ ಬ್ಯಾಶ್ ಶೆಲ್‌ನಲ್ಲಿದ್ದರೆ ಪೈಪ್‌ಫೇಲ್ ಆನ್ ಮಾಡಿ, ಪೈಪ್‌ನಲ್ಲಿ ಯಾವ ಕಮಾಂಡ್ ಫೇಲ್ ಆದರೂ ಗೊತ್ತಾಗುತ್ತದೆ. ಇಲ್ಲವೇ ಪಿಜಿ ಡಂಪ್‌ನ ಕಸ್ಟಮ್ ಫಾರ್ಮ್ಯಾಟ್ ಬಳಸಿ, ಅದೇ ಕಂಪ್ರೆಸ್ ಮಾಡುತ್ತದೆ, ಪೈಪೇ ಬೇಡ. ಬಾಟ್ ಬರೀ ಓಕೆ ಅನ್ನದೆ ಇವತ್ತಿನ ಸೈಜ್, ನಿನ್ನೆಯ ಸೈಜ್ ಎರಡನ್ನೂ ಹಾಕಲಿ. ಮುಖ್ಯವಾಗಿ, ಆಗಾಗ ಬೇರೆ ಡೇಟಾಬೇಸ್‌ಗೆ ರಿಸ್ಟೋರ್ ಮಾಡಿ ರೋ ಎಣಿಸಿ. ಏಜೆನ್ಸಿ ಇದ್ದರೆ ಇದನ್ನು ಅಗ್ರಿಮೆಂಟ್‌ನಲ್ಲೇ ಬರೆಸಿ. ನಮ್ಮವರು ಇಷ್ಟೆಲ್ಲ ಆದಮೇಲೂ ರಿಸ್ಟೋರ್ ಟೆಸ್ಟ್‌ಗೆ ಬೇರೆ ಚಾರ್ಜ್ ಆಗುತ್ತದೆ ಅಂದರು.