ಅರ್ಲಿ ಡಿಸಿಷನ್‌ಗೆ ಸಹಿ ಹಾಕುವ ಮೊದಲು: ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ಗಳನ್ನು ಎಷ್ಟು ನಂಬಬಹುದು?

ಅಮೆರಿಕದಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಮನೆಗಳಲ್ಲಿ ಅಕ್ಟೋಬರ್ ಬಂತೆಂದರೆ ಒಂದೇ ಮಾತು. ಅರ್ಲಿ ಡಿಸಿಷನ್ ಹಾಕಬೇಕಾ, ಬೇಡವಾ? ಸೀಟು ಸಿಗುವ ಅವಕಾಶ ಜಾಸ್ತಿ ಅಂತ ಮಕ್ಕಳು ಹಟ ಹಿಡಿಯುತ್ತಾರೆ. ದುಡ್ಡು ಎಷ್ಟಾಗುತ್ತೋ ಅಂತ ನಮಗೆ ನಿದ್ದೆ ಬರುವುದಿಲ್ಲ. ಈ ಭಯಕ್ಕೆ ಇರುವ ಮೊದಲ ಔಷಧ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ಇರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್, ಅಂದರೆ ನೆರವು ಕಳೆದು ನಿಮ್ಮ ಮನೆಗೆ ಎಷ್ಟು ಖರ್ಚು ಬೀಳಬಹುದು ಅಂತ ಅಂದಾಜು ಹೇಳುವ ಸಾಧನ. ಮಗಳ ಪಟ್ಟಿಯಲ್ಲಿದ್ದ ಎಲ್ಲ ಕಾಲೇಜಿನ ಕ್ಯಾಲ್ಕುಲೇಟರನ್ನೂ ಕೂತು ತುಂಬಿದವಳು ನಾನು. ಯಾವುದು ನಂಬಬಹುದು, ಯಾವುದು ಸುಮ್ನೆ ಅಂತ ಬರೆದಿಟ್ಟರೆ ಮುಂದಿನವರಿಗೆ ಉಪಯೋಗವಾಗುತ್ತದೆ.

ಅರ್ಲಿ ಡಿಸಿಷನ್ ಅಂದರೆ ಒಂದು ಕಾಲೇಜಿಗೆ ಮಾತು ಕೊಟ್ಟ ಹಾಗೆ. ನವೆಂಬರ್ 1 ಅಥವಾ 15ರೊಳಗೆ ಅರ್ಜಿ, ಡಿಸೆಂಬರ್ ಮಧ್ಯದಲ್ಲಿ ಉತ್ತರ. ಸೀಟು ಸಿಕ್ಕರೆ ಬೇರೆ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಂಡು ಅಲ್ಲಿಗೇ ಸೇರಬೇಕು. ಮಗಳು, ನಾವು, ಶಾಲೆಯ ಕೌನ್ಸೆಲರ್, ಮೂರೂ ಕಡೆಯಿಂದ ಸಹಿ ಬೀಳುತ್ತದೆ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ವರ್ಷದ ಪೂರ್ತಿ ಖರ್ಚು 90,000 ಡಾಲರ್ ದಾಟಿದೆ. ಬೇರೆ ಬೇರೆ ಕಾಲೇಜುಗಳ ಏಯ್ಡ್ (ಹಣದ ನೆರವು) ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಇಲ್ಲಿ ಇಲ್ಲ. ಸಹಿಗೆ ಮೊದಲು ಕೈಗೆ ಸಿಗುವ ಲೆಕ್ಕ ಈ ಕ್ಯಾಲ್ಕುಲೇಟರ್ ಕೊಡುವುದೇ.

ಇದು ಕಾಲೇಜುಗಳು ಮನಸ್ಸು ಮಾಡಿ ಕೊಟ್ಟದ್ದಲ್ಲ. 2008ರ ಕಾನೂನು ಹೇಳಿತು, 2011ರ ಅಕ್ಟೋಬರ್‌ನಿಂದ ಫೆಡರಲ್ (ಕೇಂದ್ರ ಸರ್ಕಾರದ) ಏಯ್ಡ್ ಪಡೆಯುವ ಕಾಲೇಜುಗಳೆಲ್ಲ ಇದನ್ನು ಹಾಕಲೇಬೇಕಾಯಿತು. ಆದರೆ ಎಲ್ಲ ಕ್ಯಾಲ್ಕುಲೇಟರೂ ಒಂದೇ ಅಲ್ಲ. ಅದು ಗೊತ್ತಿಲ್ಲದೆ ಬಂದ ಅಂಕಿಯನ್ನು ನಂಬಿ ಕೂತರೆ ಡಿಸೆಂಬರ್‌ನಲ್ಲಿ ಎದೆ ಒಡೆಯುತ್ತದೆ.

ನಮ್ಮ ಮನೆಯ ಲೆಕ್ಕ ಸ್ವಲ್ಪ ಹೇಳಬೇಕು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಸಂಬಳಕ್ಕೆ ಕೆಲಸ ಮಾಡುತ್ತೇನೆ. ಯಜಮಾನರದು ನ್ಯೂಜೆರ್ಸಿಯಲ್ಲಿ ಸಣ್ಣ ಪ್ರಿಂಟಿಂಗ್ ಅಂಗಡಿ. ಇಬ್ಬರದೂ ಸೇರಿ ವರ್ಷಕ್ಕೆ ಸುಮಾರು 1,20,000 ಡಾಲರ್. ಮನೆ ಕೊಂಡು ಬಹಳ ವರ್ಷವಾಯಿತು, ಬೆಲೆ ತಾನಾಗಿಯೇ ಏರಿದೆ. ಮಗಳ ಹಿಂದೆ ಮಗ ಇದ್ದಾನೆ. ಇಂಥ ಮನೆಗಳೇ ಜಾಸ್ತಿ ಅಲ್ವಾ? ಬಡವರಲ್ಲ, 90,000 ಕಟ್ಟುವವರೂ ಅಲ್ಲ.

ಮೊದಲು ಕೆಟ್ಟ ಕ್ಯಾಲ್ಕುಲೇಟರ್ ಬಗ್ಗೆ. ಶಿಕ್ಷಣ ಇಲಾಖೆ ಒಂದು ಸಿದ್ಧ ನಮೂನೆ ಕೊಟ್ಟಿದೆ. ಕೆಲವು ಕಾಲೇಜುಗಳು ಅದನ್ನೇ ಹಾಗೇ ಹಾಕಿಕೊಂಡಿವೆ. ಅದು ಆದಾಯ ಎಷ್ಟು ಅಂತ ಕೇಳುವುದಿಲ್ಲ, ಯಾವ ಗುಂಪಿಗೆ ಸೇರುತ್ತೀರಿ ಅಂತ ಕೇಳುತ್ತದೆ. ಕೊನೆಯ ಗುಂಪು 99,999ಕ್ಕಿಂತ ಮೇಲೆ. ಒಂದು ಲಕ್ಷ ದುಡಿಯುವವರೂ ನಾಲ್ಕು ಲಕ್ಷ ದುಡಿಯುವವರೂ ಒಂದೇ ಗುಂಪು, ಒಂದೇ ಉತ್ತರ. ಮನೆ, ಉಳಿತಾಯ, ಅಂಗಡಿ ಯಾವುದರ ಮಾತೂ ಇಲ್ಲ. ಎರಡು ನಿಮಿಷದಲ್ಲಿ ಮುಗಿಯುವ ಕ್ಯಾಲ್ಕುಲೇಟರ್ ಇಂಥ ಗುಂಪುಗಳನ್ನು ತೋರಿಸಿದರೆ ಆ ಅಂಕಿಯ ಮೇಲೆ ಅರ್ಲಿ ಡಿಸಿಷನ್ ಸಹಿ ಹಾಕಬೇಡಿ. ಉತ್ತರದ ಪುಟದಲ್ಲಿ ಯಾವ ವರ್ಷದ ಶುಲ್ಕ ಅಂತಲೂ ನೋಡಿ. ಹಳೆಯ ವರ್ಷದ್ದಾದರೆ ಈಗಿನ ಖರ್ಚು ಅದಕ್ಕಿಂತ ಸಾವಿರಾರು ಡಾಲರ್ ಮೇಲಿರುತ್ತದೆ.

ಇನ್ನೊಂದು ಕಾಲೇಜಿನದು ಉದ್ದದ, ಒಳ್ಳೆಯ ಪ್ರಶ್ನೆಗಳಿದ್ದ ಕ್ಯಾಲ್ಕುಲೇಟರ್. ದಪ್ಪ ಅಕ್ಷರದಲ್ಲಿ ಕೊಟ್ಟ ಅಂಕಿ ನೋಡಿ ಮಗಳ ಮುಖ ಅರಳಿತು. ಕೆಳಗೆ ಸಣ್ಣ ಅಕ್ಷರದ ಪಟ್ಟಿ ಬಿಡಿಸಿ ನೋಡಿದೆ. ಖರ್ಚಿನಿಂದ ಗ್ರಾಂಟ್ ಕಳೆದಿದ್ದರು, ಸರಿ. ಆಮೇಲೆ ವಿದ್ಯಾರ್ಥಿ ಸಾಲ 5,500 ಕಳೆದಿದ್ದರು. ಕ್ಯಾಂಪಸ್ ಕೆಲಸದಲ್ಲಿ ಮಗಳು ದುಡಿಯಬೇಕಾದದ್ದನ್ನೂ ಕಳೆದಿದ್ದರು. 5,500 ಅನ್ನುವುದು ಮೊದಲ ವರ್ಷದ ವಿದ್ಯಾರ್ಥಿಗೆ ಫೆಡರಲ್ ಸಾಲದ ಮಿತಿ. ಅದು ಮಗಳು ತೀರಿಸಬೇಕಾದ ಸಾಲ, ಕಡಿಮೆಯಾದ ಶುಲ್ಕ ಅಲ್ಲ. ಇದು ನನಗೆ ನಿಜವಾಗಿ ಸಿಟ್ಟು ತರಿಸಿದ ವಿಷಯ. ಹದಿನೇಳು ವರ್ಷದ ಹುಡುಗಿಗೆ ತೋರಿಸುವ ಅಂಕಿ ಹೀಗಿರಬಾರದು. ಪೂರ್ತಿ ಖರ್ಚು ಒಂದು ಕಡೆ, ವಾಪಸ್ ಕೊಡಬೇಕಿಲ್ಲದ ಗ್ರಾಂಟ್ ಇನ್ನೊಂದು ಕಡೆ ಬರೆದು ನೀವೇ ಕಳೆಯಿರಿ.

ನನಗೆ ತುಂಬ ಇಷ್ಟವಾದದ್ದು ಮೈ ಇನ್‌ಟ್ಯೂಷನ್ ಅನ್ನುವ ಕ್ಯಾಲ್ಕುಲೇಟರ್. ವೆಲ್ಸ್‌ಲಿ ಕಾಲೇಜಿನ ಅರ್ಥಶಾಸ್ತ್ರ ಪ್ರೊಫೆಸರ್ ಫಿಲಿಪ್ ಲೆವಿನ್ ಮಾಡಿದ್ದು. 2013ರಲ್ಲಿ ಅಲ್ಲಿ ಶುರುವಾಗಿ ಈಗ ಎಷ್ಟೋ ಕಾಲೇಜುಗಳಲ್ಲಿದೆ. ಆದಾಯ, ಮನೆಯ ಬೆಲೆ, ಮನೆ ಸಾಲದಲ್ಲಿ ಉಳಿದದ್ದು, ಬ್ಯಾಂಕಿನಲ್ಲಿರುವುದು, ಇಂಥ ಬೆರಳೆಣಿಕೆಯ ಪ್ರಶ್ನೆಗಳು. ಟ್ಯಾಕ್ಸ್ ಫಾರ್ಮ್ ಹುಡುಕಬೇಕಿಲ್ಲ. ಒಂದೇ ಅಂಕಿ ಕೊಟ್ಟು ಕೈ ತೊಳೆದುಕೊಳ್ಳುವುದಿಲ್ಲ. ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು, ಬಹುಶಃ ಇಷ್ಟು ಅಂತ ಮೂರು ಹೇಳುತ್ತದೆ. ಸಾಲ ಮತ್ತು ಕೆಲಸದ ದುಡ್ಡನ್ನು ಬೇರೆಯಾಗಿ ತೋರಿಸುತ್ತದೆ. ನಾವು ಮನೆಯಲ್ಲಿ ಮಾಡಿದ ನಿಯಮ ಏನೆಂದರೆ, ಆ ಮೂರರಲ್ಲಿ ಜಾಸ್ತಿಯ ಅಂಕಿ ಕಟ್ಟಲು ಆಗುವಂತಿದ್ದರೆ ಮಾತ್ರ ಅರ್ಲಿ ಡಿಸಿಷನ್ ಮಾತು. ಮಧ್ಯದ ಅಂಕಿ ನೋಡಿ ಮನಸ್ಸು ಮಾಡುವುದು ಬೇಡ.

ಮನೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಲ್ಲ ವ್ಯತ್ಯಾಸ ಅಲ್ಲೇ ಹುಟ್ಟುವುದು. ಫಾಫ್ಸಾ, ಅಂದರೆ ಫೆಡರಲ್ ಏಯ್ಡ್‌ಗೆ ಹಾಕುವ ಅರ್ಜಿ, ನೀವು ವಾಸವಿರುವ ಮನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಏಯ್ಡ್ ಅರ್ಜಿ ಕೇಳುವ ಖಾಸಗಿ ಕಾಲೇಜುಗಳಲ್ಲಿ ಹಲವು ತೆಗೆದುಕೊಳ್ಳುತ್ತವೆ. ಮನೆ ಬೆಲೆ 6,00,000, ಸಾಲ ಉಳಿದದ್ದು 2,50,000 ಅಂದುಕೊಳ್ಳಿ. ಕೈಲಿ ಕಾಣದ 3,50,000 ನಿಮ್ಮ ಆಸ್ತಿ. ಕಾಲೇಜು ಅದರಲ್ಲಿ ನೂರಕ್ಕೆ ಐದರಂತೆ ಹಿಡಿದರೆ ವರ್ಷಕ್ಕೆ 17,500 ಡಾಲರ್ ನೀವು ಜಾಸ್ತಿ ಕೊಡಬಲ್ಲಿರಿ ಅಂತ ಅರ್ಥ. ಕೆಲವು ಕಾಲೇಜುಗಳು ಇದಕ್ಕೆ ಮಿತಿ ಹಾಕುತ್ತವೆ. ಉದಾಹರಣೆಗೆ ಆದಾಯದ 1.2 ಪಟ್ಟಿಗಿಂತ ಮೇಲೆ ಲೆಕ್ಕ ಹಿಡಿಯುವುದಿಲ್ಲ ಅಂದರೆ, 1,20,000 ಆದಾಯಕ್ಕೆ 1,44,000 ಮಾತ್ರ ಆಸ್ತಿ, ವರ್ಷಕ್ಕೆ 7,200. ಅದೇ ಮನೆ, ಅದೇ ಸಂಬಳ, ನಾಲ್ಕು ವರ್ಷಕ್ಕೆ 41,200 ಡಾಲರ್ ವ್ಯತ್ಯಾಸ. ಹಾರ್ವರ್ಡ್ ಇರುವ ಮನೆಯನ್ನು ಪೂರ್ತಿ ಬಿಟ್ಟುಬಿಡುತ್ತದೆ, ಆದರೆ ಅಲ್ಲಿ ಕಟ್ಟಿಹಾಕುವ ಅರ್ಲಿ ಡಿಸಿಷನ್ ಇಲ್ಲವೇ ಇಲ್ಲ. ಮಗಳ ಪಟ್ಟಿಯಲ್ಲಿ ಮೇಲಿದ್ದ ಎರಡು ಕಾಲೇಜುಗಳಿಗೆ ಇಮೇಲ್ ಬರೆದು ಮನೆಯನ್ನು ಹೇಗೆ ಲೆಕ್ಕ ಹಾಕುತ್ತೀರಿ ಅಂತ ನೇರವಾಗಿ ಕೇಳಿದೆ. ಒಂದು ಕಡೆಯಿಂದ ಮಿತಿ ಎಷ್ಟು ಅಂತ ಅಂಕಿಯ ಸಮೇತ ಉತ್ತರ ಬಂತು. ಇನ್ನೊಂದು ಕಡೆಯಿಂದ ಪ್ರತಿ ಕುಟುಂಬವನ್ನೂ ಬೇರೆ ಬೇರೆಯಾಗಿ ನೋಡುತ್ತೇವೆ ಅಂತ ಎರಡು ಸಾಲು. ನಾವು ಯಾವುದಕ್ಕೆ ಹಾಕಿದೆವು ಅಂತ ನಿಮಗೇ ಗೊತ್ತಾಗಿರುತ್ತದೆ.

ಸ್ವಂತ ಅಂಗಡಿ, ಬಾಡಿಗೆ ಮನೆ ಇದ್ದವರಿಗೆ ಯಾವ ಕ್ಯಾಲ್ಕುಲೇಟರೂ ಪೂರ್ತಿ ಸಾಕಾಗುವುದಿಲ್ಲ. ಯಜಮಾನರು ದೊಡ್ಡ ಪ್ರಿಂಟರ್ ಕೊಂಡ ವರ್ಷ ಟ್ಯಾಕ್ಸ್‌ನಲ್ಲಿ ಅದರ ಸವಕಳಿ ತೋರಿಸಿದ್ದರು, ಲಾಭ ಕಡಿಮೆ ಕಂಡಿತ್ತು. ಕ್ಯಾಲ್ಕುಲೇಟರ್ ಲಾಭ ಎಷ್ಟು ಅಂತ ಕೇಳಿತು, ಬರೆದೆವು. ಕಾಲೇಜುಗಳು ಮಾತ್ರ ಎಷ್ಟೋ ಸಲ ಸವಕಳಿಯನ್ನು ಮತ್ತೆ ಆದಾಯಕ್ಕೆ ಸೇರಿಸಿಕೊಳ್ಳುತ್ತವೆ. ಡಿಸೆಂಬರ್‌ನಲ್ಲಿ ಸೀಟಿನ ಜೊತೆ ಬಂದ ಏಯ್ಡ್ ಪತ್ರದಲ್ಲಿ ನಮ್ಮ ಪಾಲು ಮಧ್ಯದ ಅಂದಾಜಿಗಿಂತ ಸುಮಾರು 3,000 ಡಾಲರ್ ಜಾಸ್ತಿ ಇತ್ತು, ಜಾಸ್ತಿಯ ಅಂದಾಜಿಗಿಂತ ಕಡಿಮೆ. ನಮ್ಮ ನಿಯಮ ಕಾಪಾಡಿತು. ಪ್ರಿಂಟರ್ ಇನ್‌ವಾಯ್ಸ್, ಅದರ ಸಾಲದ ಕಂತಿನ ಕಾಗದ ಕಳಿಸಿ ಮತ್ತೆ ನೋಡಿ ಅಂತ ಬರೆದೆವು. ಆ ಆಫೀಸಿನ ಹೆಂಗಸು ತಾಳ್ಮೆಯಿಂದ ಫೋನಿನಲ್ಲಿ ಎಲ್ಲ ಕೇಳಿಕೊಂಡರು. 3,000ದಲ್ಲಿ ಅರ್ಧದಷ್ಟು ಗ್ರಾಂಟ್ ಏರಿಸಿದರು.

ಸಿಎಸ್‌ಎಸ್ ಪ್ರೊಫೈಲ್ ಬಗ್ಗೆ ಎರಡು ಮಾತು. ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16. ಆದಾಯ 1,00,000ದವರೆಗೆ ಇದ್ದರೆ ಇಲ್ಲಿಯ ವಿದ್ಯಾರ್ಥಿಗಳಿಗೆ ಉಚಿತ. ಉದ್ದದ ಅರ್ಜಿ, ಆದರೆ ಕೊನೆಯಲ್ಲಿ ವಿಶೇಷ ಪರಿಸ್ಥಿತಿ ಬರೆಯುವ ಜಾಗ ಇದೆ. ಅದನ್ನು ಖಾಲಿ ಬಿಡಬೇಡಿ. ಸಂಬಳ ಕಡಿಮೆಯಾಗಿದ್ದರೆ, ಆಸ್ಪತ್ರೆ ಖರ್ಚಿದ್ದರೆ, ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುತ್ತಿದ್ದರೆ ಅಂಕಿ ಸಮೇತ ಬರೆಯಿರಿ. ಲೆಕ್ಕ ಎರಡು ವರ್ಷ ಹಿಂದಿನ ಟ್ಯಾಕ್ಸ್ ಮೇಲೆ ನಡೆಯುತ್ತದೆ, ಈಗಿನ ಕಷ್ಟ ಅದರಲ್ಲಿ ಕಾಣುವುದಿಲ್ಲ. ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಫಾಫ್ಸಾ 2024-25ರಿಂದ ರಿಯಾಯಿತಿ ಕೊಡುವುದಿಲ್ಲ. ಸಿಎಸ್‌ಎಸ್ ಕಾಲೇಜುಗಳಲ್ಲಿ ಹಲವು ಈಗಲೂ ಅದನ್ನು ನೋಡುತ್ತವೆ. ಮಗ ಕಾಲೇಜಿಗೆ ಬರುವ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಕ್ಯಾಲ್ಕುಲೇಟರ್‌ನಲ್ಲಿ ಇನ್ನೊಂದು ಸಲ ಹಾಕಿ ನೋಡಿದೆವು.

ಏಯ್ಡ್ ಸಾಕಾಗದಿದ್ದರೆ ಬಿಡುಗಡೆ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇದೆ. ಏಯ್ಡ್‌ಗೆ ಅರ್ಜಿ ಹಾಕಿದವರಿಗೆ ಸೇರಲು ಸಾಧ್ಯವಾಗುವಷ್ಟು ನೆರವು ಸಿಗದಿದ್ದರೆ ಸೀಟು ಬಿಡಬಹುದು ಅಂತ ಕಾಮನ್ ಆಪ್‌ನ (ಹಲವು ಕಾಲೇಜುಗಳಿಗೆ ಹಾಕುವ ಒಂದೇ ಅರ್ಜಿ) ಅರ್ಲಿ ಡಿಸಿಷನ್ ಒಪ್ಪಂದದಲ್ಲೇ ಇದೆ. ಅದಕ್ಕೆ ಏಯ್ಡ್ ಅರ್ಜಿ ಸಮಯಕ್ಕೆ ಸರಿಯಾಗಿ ಹೋಗಿರಬೇಕು. ಕ್ಯಾಲ್ಕುಲೇಟರಿನ ಉತ್ತರದ ಪುಟವನ್ನು ತಾರೀಖಿನ ಸಮೇತ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಏಯ್ಡ್ ಆಫೀಸಿನ ಜೊತೆ ಮಾತಾಡುವಾಗ ಅದು ಕೈಲಿದ್ದರೆ ಮಾತಿಗೆ ತೂಕ ಬರುತ್ತದೆ. ಮೆರಿಟ್ ಸ್ಕಾಲರ್‌ಶಿಪ್‌ಗಳನ್ನು ಹೋಲಿಸಿ ನೋಡಿಯೇ ಆರಿಸಬೇಕು ಅನ್ನುವವರಿಗೆ ಮಾತ್ರ ಈ ದಾರಿ ಬೇಡ, ಮಾತು ಕೊಡಬೇಕಿಲ್ಲದ ರೆಗ್ಯುಲರ್ ಅರ್ಜಿಯನ್ನೇ ಹಾಕಿ.

ನನ್ನ ಅಂಕ: ಮೈ ಇನ್‌ಟ್ಯೂಷನ್‌ಗೆ 5ಕ್ಕೆ 4.5. ಆಸ್ತಿ, ಮನೆ ಎಲ್ಲ ಕೇಳುವ ಉದ್ದದ ಕ್ಯಾಲ್ಕುಲೇಟರ್‌ಗಳಿಗೆ 4. ಸರ್ಕಾರಿ ನಮೂನೆಗೆ 1.5. ಎಚ್-4 ವೀಸಾದಲ್ಲಿರುವ, ಅಂದರೆ ತಂದೆ ಅಥವಾ ತಾಯಿಯ ಕೆಲಸದ ವೀಸಾದ ಮೇಲೆ ಇರುವ ಮಕ್ಕಳ ಮನೆಯವರು ಈ ಅಂಕಗಳನ್ನು ನೋಡಬೇಡಿ. ಆ ಮಕ್ಕಳಿಗೆ ಫೆಡರಲ್ ಏಯ್ಡ್ ಇಲ್ಲ, ಹಲವು ಕಾಲೇಜುಗಳು ಅವರನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿನಲ್ಲೇ ಇಡುತ್ತವೆ, ಕ್ಯಾಲ್ಕುಲೇಟರ್‌ಗಳು ಹೆಚ್ಚಾಗಿ ಸಿಟಿಜನ್ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆಂದೇ ಮಾಡಿದವು. ಸೆಪ್ಟೆಂಬರ್‌ನಲ್ಲೇ ಏಯ್ಡ್ ಆಫೀಸಿಗೆ ವೀಸಾ ಸ್ಥಿತಿ ತಿಳಿಸಿ ಇಮೇಲ್ ಬರೆಯಿರಿ, ಉತ್ತರ ಬರುವವರೆಗೆ ಸಹಿ ಹಾಕಬೇಡಿ.